‘ಆರ್ಡರ್ ಇತ್ತು, ಮಾಡಿದೆ’ ಅಂದರೆ ಸೈನಿಕ ಬಚಾವಾಗುತ್ತಾನಾ?

ಗೋಣಿಕೊಪ್ಪದವರು ನೀವು. ನಿಮ್ಮ ತಮ್ಮ ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್‌ಪೂ ಹೂವಿಟ್ಟು ಊಟಕ್ಕೆ ಕೂತಾಗ ನಿವೃತ್ತ ಸುಬೇದಾರ್ ಆದ ದೊಡ್ಡಪ್ಪ ಅವನಿಗೆ ಹೇಳಿದರಂತೆ: ‘ಹುಕುಂ ಕೊಟ್ಟವನು ಅನುಭವಿಸ್ತಾನೆ, ಪಾಲಿಸಿದವನಿಗೆ ಏನೂ ಆಗಲ್ಲ.’ ಇದು ಕಾನೂನಿನ ಪ್ರಕಾರ ನಿಜವಾ, ನಿಜವಲ್ಲದಿದ್ದರೆ ಇಪ್ಪತ್ತು ವರ್ಷದ ಹುಡುಗನಿಂದ ಇನ್ನೇನು ನಿರೀಕ್ಷಿಸುತ್ತೀರಿ ಎಂದು ಕೇಳಿದ್ದೀರಿ.

ದೊಡ್ಡಪ್ಪನ ಮಾತಿನ ಮೊದಲ ಅರ್ಧ ಕಾನೂನಿನಲ್ಲಿ ಸರಿ, ಎರಡನೆಯ ಅರ್ಧ ತಪ್ಪು. ಆದರೆ ನಡೆದದ್ದನ್ನು ನೋಡಿದರೆ ಮೊದಲ ಅರ್ಧವೇ ಹೆಚ್ಚಾಗಿ ಸುಳ್ಳಾಗಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಸೇನಾ ಕಾಯ್ದೆ 1950ರ ಸೆಕ್ಷನ್ 41 ಆಜ್ಞೆ ಮೀರುವ ಅಪರಾಧದ್ದು. ಅಧಿಕಾರವನ್ನೇ ಧಿಕ್ಕರಿಸುವ ರೀತಿಯಲ್ಲಿ ಮೀರಿದರೆ 14 ವರ್ಷದವರೆಗೆ ಜೈಲು. ಹಾಗಲ್ಲದೆ ಬರೀ ಪಾಲಿಸದೆ ಹೋದರೆ ಕಾರ್ಯಾಚರಣೆಯ ಸೇವೆಯಲ್ಲಿದ್ದಾಗ 14, ಇಲ್ಲದಾಗ 5 ವರ್ಷದವರೆಗೆ. ಭಯ ಹುಟ್ಟಿಸುವ ಸೆಕ್ಷನ್ ಇದು, ತರಬೇತಿಯಲ್ಲೂ ಇದನ್ನೇ ಒತ್ತಿ ಹೇಳುತ್ತಾರೆ. ಆದರೆ ಎರಡೂ ಕಡೆ ಅದು ಹೇಳುವುದು ಕಾನೂನುಬದ್ಧ ಆಜ್ಞೆಯ ಬಗ್ಗೆ ಮಾತ್ರ. ಕೈಕಟ್ಟಿ ಕೂರಿಸಿದ ಸೆರೆಯಾಳಿಗೆ ಗುಂಡಿಕ್ಕು ಎಂಬುದು ಆ ಸೆಕ್ಷನ್ನಿನೊಳಗೆ ಬರುವುದೇ ಇಲ್ಲ.

ಇನ್ನೊಂದು ಬದಿಯಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 14 ಇದೆ, ಹಳೆಯ ಐಪಿಸಿಯ 76. ಕಾನೂನಿನಿಂದ ಬದ್ಧನಾಗಿ ಮಾಡಿದ ಕೆಲಸ ಅಪರಾಧವಲ್ಲ ಎನ್ನುತ್ತದೆ. ಅದರ ಕೆಳಗೆ ಕೊಟ್ಟಿರುವ ಉದಾಹರಣೆಯೇ ಸೈನಿಕನದು: ಮೇಲಧಿಕಾರಿಯ ಆಜ್ಞೆಯಂತೆ, ಕಾನೂನಿನ ಅಪ್ಪಣೆಗೆ ಅನುಸಾರವಾಗಿ, ಗುಂಪಿನ ಮೇಲೆ ಗುಂಡು ಹಾರಿಸಿದವನು ಅಪರಾಧಿಯಲ್ಲ. ಜನ ಮೊದಲರ್ಧ ಓದಿ ನಿಲ್ಲಿಸುತ್ತಾರೆ. ‘ಕಾನೂನಿಗೆ ಅನುಸಾರವಾಗಿ’ ಎಂಬುದೂ ಅಷ್ಟೇ ಮುಖ್ಯ. ಈ ಸೆಕ್ಷನ್ ಕೆಲಸ ಮಾಡಿದ್ದೂ ಉಂಟು. 1981ರಲ್ಲಿ ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಪೊಲೀಸರನ್ನು ಇದರಡಿ ಬಿಟ್ಟಿತು. ಗಸ್ತಿನ ಮೇಲೆ ದಾಳಿ ನಡೆದಾಗ ಡೆಪ್ಯುಟಿ ಕಮಿಷನರ್ ಗುಂಡು ಹಾರಿಸಲು ಹೇಳಿದ್ದರು, ಆ ಪರಿಸ್ಥಿತಿಯಲ್ಲಿ ಆಜ್ಞೆ ಕಾನೂನುಬದ್ಧವಾಗಿತ್ತು, ಪಾಲಿಸಿದವರಿಗೆ ರಕ್ಷಣೆ ಸಿಕ್ಕಿತು. ಅದೇ ಸುಪ್ರೀಂ ಕೋರ್ಟ್ 2011ರಲ್ಲಿ ನಕಲಿ ಎನ್‌ಕೌಂಟರಿನ ಪ್ರಕರಣವೊಂದರಲ್ಲಿ, ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗನ್ನೇ ನೆನಪಿಸಿ, ಮೇಲಿನವರು ಹೇಳಿದರು ಎಂಬ ನೆಪದಲ್ಲಿ ಕೊಲೆ ಮಾಡಿದರೆ ಕ್ಷಮೆಯಿಲ್ಲ ಎಂದು ಪೊಲೀಸರಿಗೆ ಎಚ್ಚರಿಸಿತು. ಎರಡೂ ಪೊಲೀಸರ ಪ್ರಕರಣಗಳು. ಆದರೆ ಸೆಕ್ಷನ್ ಪೊಲೀಸರಿಗೂ ಸೈನಿಕರಿಗೂ ಒಂದೇ.

ಕೊಡಗಿನವರಿಗೆ ಇದು ಬೇಗ ಅರ್ಥವಾಗಬೇಕು. ಹಂದಿ ಬರುತ್ತದೆ, ಬೇಲಿಗೆ ನೇರ ಲೈನಿನಿಂದ ಕರೆಂಟ್ ಎಳೆದು ಕೊಡು ಎಂದು ತೋಟದ ಸಾಹುಕಾರರು ಹೇಳಿದರು, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಕೊಟ್ಟ, ಬೆಳಗ್ಗೆ ನೋಡಿದರೆ ಬೇಲಿಯ ಪಕ್ಕ ಮನುಷ್ಯ ಸತ್ತು ಬಿದ್ದಿದ್ದ. ಸಾಹುಕಾರರ ಮೇಲೆ ಕೇಸಾಗುತ್ತದೆ ಎಂದು ರೈಟರನ್ನು ಯಾರೂ ಬಿಡುವುದಿಲ್ಲ, ವೈರು ಸಿಕ್ಕಿಸಿದ ಕೈ ಅವನದು.

ಇನ್ನು ವಕೀಲರಲ್ಲದವರು ಸಾಮಾನ್ಯವಾಗಿ ಗಮನಿಸದ ಒಂದು ವಿಷಯ. ‘ನನಗೆ ಆರ್ಡರ್ ಇತ್ತು’ ಎಂದು ಕೋರ್ಟ್ ಮಾರ್ಷಲ್‌ನಲ್ಲಿ ಹೇಳಿದ ಕ್ಷಣ ‘ಹೌದು, ನಾನೇ ಹೊಡೆದೆ’ ಎಂದು ಒಪ್ಪಿಕೊಂಡಂತೆ. ಅಲ್ಲಿಗೆ ಪ್ರಾಸಿಕ್ಯೂಷನ್ನಿನ ಅರ್ಧ ಕೆಲಸ ಮುಗಿಯಿತು. ವಿನಾಯಿತಿ ಬೇಡುವವನೇ ವಿನಾಯಿತಿಯನ್ನು ರುಜುವಾತು ಮಾಡಬೇಕು ಎಂಬುದು ಸಾಕ್ಷ್ಯದ ಕಾನೂನು. ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು ಸೆಕ್ಷನ್ 108. ಅಂದರೆ ಆಜ್ಞೆ ಇತ್ತು, ಅದನ್ನು ಕೊಟ್ಟವರು ಇಂಥವರು, ಅದು ಕಾನೂನುಬದ್ಧ ಎಂದು ನಂಬಲು ಕಾರಣವಿತ್ತು, ಈ ಮೂರನ್ನೂ ತೋರಿಸುವ ಹೊಣೆ ಹುಡುಗನ ತಲೆಯ ಮೇಲೆ ಬರುತ್ತದೆ. ಬಾಯಿಮಾತಿನ ಆಜ್ಞೆಯನ್ನು ಕೊಟ್ಟವರು ‘ನಾನು ಹಾಗೆ ಹೇಳೇ ಇಲ್ಲ’ ಅಂದರೆ ಮುಗಿಯಿತು. ನನ್ನ ಪ್ರಕಾರ ಈ ವಾದ ಕಾನೂನಿನ ಪ್ರಶ್ನೆಯಲ್ಲಿ ಬೀಳುವುದಕ್ಕಿಂತ ಹೆಚ್ಚಾಗಿ ಇಲ್ಲೇ ಬೀಳುತ್ತದೆ.

ಮೈ ಲಾಯ್ ನೋಡಿ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಆ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಮುದುಕರು, ಹೆಂಗಸರು, ಮಕ್ಕಳನ್ನು ಕೊಂದರು. ಅಮೆರಿಕದ ಲೆಕ್ಕದಲ್ಲಿ 347, ವಿಯೆಟ್ನಾಂ ಲೆಕ್ಕದಲ್ಲಿ 504. ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ, ಕ್ಯಾಪ್ಟನ್ ಮೆಡಿನಾ ಹೇಳಿದಂತೆ ಮಾಡಿದೆ ಎಂದ. ಮೆಡಿನಾ ನಾನು ಹಾಗೆ ಹೇಳಿಲ್ಲ ಎಂದ. ತೀರ್ಪು ಕೊಟ್ಟವರು ಆರು ಅಧಿಕಾರಿಗಳು, ಅವರಲ್ಲಿ ಐವರು ಸ್ವತಃ ವಿಯೆಟ್ನಾಂನಲ್ಲಿ ಸೇವೆ ಮಾಡಿದವರು. ಹೊರಗಿನವರಿಗೆ ಯುದ್ಧ ಅರ್ಥವಾಗುವುದಿಲ್ಲ ಎಂಬ ದೂರಿಗೆ ಅಲ್ಲಿ ಜಾಗವಿರಲಿಲ್ಲ. ಸಾಮಾನ್ಯ ಬುದ್ಧಿ, ತಿಳಿವಳಿಕೆ ಇರುವ ಮನುಷ್ಯನಿಗೆ ಆ ಸಂದರ್ಭದಲ್ಲಿ ಇದು ಅಕ್ರಮ ಎಂದು ಗೊತ್ತಾಗುತ್ತಿತ್ತೇ ಎಂದು ನೋಡಿ, ಗೊತ್ತಾಗುತ್ತಿದ್ದರೆ ಆಜ್ಞೆಯಿದ್ದರೂ ಖುಲಾಸೆ ಇಲ್ಲ ಎಂದು ನ್ಯಾಯಾಧೀಶರು ಅವರಿಗೆ ಸೂಚಿಸಿದ್ದರು. ಕ್ಯಾಲಿಗೆ 22 ಕೊಲೆಗಳಿಗಾಗಿ 1971ರಲ್ಲಿ ಜೀವಾವಧಿಯಾಯಿತು. ಮೆಡಿನಾ ಖುಲಾಸೆಯಾದ. ಕ್ಯಾಲಿ ಸಹ ಕಳೆದದ್ದು ಸುಮಾರು ಮೂರೂವರೆ ವರ್ಷ, ಅದೂ ಹೆಚ್ಚಿನದು ಗೃಹಬಂಧನದಲ್ಲಿ. ಆ ಹತ್ಯೆಗೆ ಶಿಕ್ಷೆಯಾದವನು ಅವನೊಬ್ಬನೇ.

ಯಾವ ಆಜ್ಞೆ ‘ಕಣ್ಣಿಗೆ ಹೊಡೆಯುವಂತೆ’ ಅಕ್ರಮ ಎಂಬುದಕ್ಕೆ ನಾನು ಕೊಡುವ ಉದಾಹರಣೆ ನ್ಯೂರೆಂಬರ್ಗ್ ಅಲ್ಲ, ಇಸ್ರೇಲಿನ ಅರಬ್ ಹಳ್ಳಿ ಕಫ್ರ್ ಕಾಸಿಂ. 1956ರ ಅಕ್ಟೋಬರ್ 29. ಸಂಜೆ 5ರಿಂದ ಕರ್ಫ್ಯೂ, ಮನೆಯಿಂದ ಹೊರಗೆ ಕಂಡವರಿಗೆ ಗುಂಡು ಎಂದು ಗಡಿ ಪೊಲೀಸ್ ಪಡೆಗೆ ಆಜ್ಞೆ. ಊರಿನ ಮುಖ್ಯಸ್ಥನಿಗೆ ಸುದ್ದಿ ಮುಟ್ಟಿದ್ದು 4.30ಕ್ಕೆ. ನೂರಾರು ಜನ ಹೊಲ, ಕಲ್ಲುಗಣಿಗಳಲ್ಲಿ ಕೆಲಸಕ್ಕೆ ಹೋಗಿದ್ದರು, ಅವರಿಗೆ ಕರ್ಫ್ಯೂ ಎಂಬುದೇ ಗೊತ್ತಿಲ್ಲ. ಗೊತ್ತಿಲ್ಲದೆ ವಾಪಸ್ ಬರುವವರನ್ನು ಏನು ಮಾಡುವುದು ಎಂದು ಬೆಟಾಲಿಯನ್ ಕಮಾಂಡರ್ ಬ್ರಿಗೇಡ್ ಕಮಾಂಡರನ್ನು ಕೇಳಿದೆ ಎಂದೂ, ದೇವರು ಅವರಿಗೆ ಕರುಣೆ ತೋರಲಿ ಎಂಬರ್ಥದ ಅರಬಿ ಮಾತೊಂದು ಉತ್ತರವಾಗಿ ಬಂತು ಎಂದೂ ಆಮೇಲೆ ಹೇಳಿಕೆ ಕೊಟ್ಟ. ಆ ಉತ್ತರವೇ ಕೆಳಗಿಳಿಯುತ್ತಾ ಪ್ಲಟೂನಿನವರೆಗೆ ಬಂತು. ಸೈಕಲ್ಲಿನಲ್ಲಿ, ಲಾರಿಯಲ್ಲಿ ಕೆಲಸದಿಂದ ಮನೆಗೆ ಬರುತ್ತಿದ್ದವರನ್ನು ಊರ ಬಾಗಿಲಲ್ಲಿ ನಿಲ್ಲಿಸಿ ಹೊಡೆದರು. ಒಂದು ಗಂಟೆಯೊಳಗೆ ಸುಮಾರು ಐವತ್ತು ಜನ.

ಅದೇ ಸಂಜೆ, ಅದೇ ಆಜ್ಞೆ ಅಕ್ಕಪಕ್ಕದ ಹಳ್ಳಿಗಳಲ್ಲಿದ್ದ ಪ್ಲಟೂನ್ ಕಮಾಂಡರುಗಳಿಗೂ ಹೋಗಿತ್ತು. ಅವರಲ್ಲಿ ಕೆಲವರು ತಡವಾಗಿ ಬಂದವರನ್ನು ಸುಮ್ಮನೆ ಮನೆಗೆ ಕಳಿಸಿದರು. ಕೋರ್ಟಿನಲ್ಲಿ ‘ನನಗೆ ಬೇರೆ ದಾರಿಯೇ ಇರಲಿಲ್ಲ’ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ? 1958ರ ತೀರ್ಪಿನಲ್ಲಿ ನ್ಯಾಯಾಧೀಶ ಬೆಂಜಮಿನ್ ಹಲೆವಿ, ಇಂಥ ಆಜ್ಞೆಯ ಮೇಲೆ ‘ನಿಷಿದ್ಧ’ ಎಂದು ಸಾರುವ ಕರಿ ಬಾವುಟ ಹಾರುತ್ತಿರುತ್ತದೆ ಎಂದರು. ಕಾನೂನು ಪುಸ್ತಕ ತೆಗೆದು ಹುಡುಕುವ ಅಗತ್ಯವಿಲ್ಲದಷ್ಟು ಎದ್ದು ಕಾಣುವ ಅಕ್ರಮ ಎಂದು ಅದರ ತಾತ್ಪರ್ಯ. ಎಂಟು ಜನರಿಗೆ ಜೈಲಾಯಿತು, ಶಿಕ್ಷೆ ಇಳಿಯುತ್ತಾ 1960ರ ಹೊತ್ತಿಗೆ ಎಲ್ಲರೂ ಹೊರಗೆ ಬಂದರು. ಬ್ರಿಗೇಡ್ ಕಮಾಂಡರ್ ಆ ಮಾತನ್ನು ಅಲ್ಲಗಳೆದ. ಅವನಿಗೆ ಬಿದ್ದ ದಂಡ 10 ಪ್ರುತಾ, ನಮ್ಮಲ್ಲಿ ಪುಡಿಕಾಸು ಅನ್ನುವಷ್ಟು.

ಇದಕ್ಕೆ ವಿರುದ್ಧ ತುದಿಯನ್ನೂ ನಿಮ್ಮ ತಮ್ಮ ತಿಳಿದಿರಬೇಕು. ಆಜ್ಞೆ ಮೂರ್ಖತನದ್ದು, ಅಪಾಯದ್ದು, ಅನ್ಯಾಯದ್ದು ಅನ್ನಿಸಿದ ಮಾತ್ರಕ್ಕೆ ಅಕ್ರಮವಾಗುವುದಿಲ್ಲ. ಮಳೆಯಲ್ಲಿ ಮೋರ್ಚಾ ತೋಡು, ಆ ದಿಣ್ಣೆಯ ಬಂಕರಿನ ಮೇಲೆ ಗುಂಡು ಹಾಕು, ರಾತ್ರಿ ನದಿ ದಾಟು, ಇವೆಲ್ಲ ಪಾಲಿಸಬೇಕಾದವು. ಈ ಯುದ್ಧವೇ ಸರಿಯಾ ತಪ್ಪಾ ಎಂಬುದೂ ಸಿಪಾಯಿಯ ತಲೆಗೆ ಕಟ್ಟುವ ಹೊಣೆಯಲ್ಲ, ನ್ಯೂರೆಂಬರ್ಗಿನಲ್ಲೂ ಯುದ್ಧ ಆರಂಭಿಸಿದ ಅಪರಾಧವನ್ನು ಮೇಲ್ಮಟ್ಟದವರ ಮೇಲೆ ಮಾತ್ರ ಹೊರಿಸಿದರು. ಸಂಶಯ ಇದ್ದಾಗ ಆಜ್ಞೆ ಕಾನೂನುಬದ್ಧ ಎಂದೇ ಹಿಡಿದು ನಡೆಯಬೇಕು. ಹೊರಗೆ ನಿಲ್ಲುವುದು ಬೆರಳೆಣಿಕೆಯ ಸಂಗತಿಗಳು: ಶರಣಾದವನು, ಗಾಯಗೊಂಡು ಬಿದ್ದವನು, ಸೆರೆಯಾಳು, ಆಯುಧವಿಲ್ಲದ ಊರ ಜನ, ಹಿಂಸೆ ಕೊಟ್ಟು ಬಾಯಿ ಬಿಡಿಸುವುದು, ಅತ್ಯಾಚಾರ, ಸತ್ತವನ ಕೈಯಲ್ಲಿ ಕೋವಿ ಇಟ್ಟು ಫೋಟೋ ತೆಗೆಯುವುದು. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನ ಕೂಡ ತನ್ನ 33ನೇ ವಿಧಿಯಲ್ಲಿ ಇಲ್ಲೇ ಗೆರೆ ಎಳೆದಿದೆ: ಪಾಲಿಸುವ ಕಾನೂನು ಬದ್ಧತೆ ಇತ್ತು, ಅಕ್ರಮ ಎಂದು ಗೊತ್ತಿರಲಿಲ್ಲ, ಎದ್ದು ಕಾಣುವ ಅಕ್ರಮವೂ ಆಗಿರಲಿಲ್ಲ, ಮೂರೂ ಕೂಡಿದರೆ ಮಾತ್ರ ಬಿಡುಗಡೆ. ನರಮೇಧದ ಆಜ್ಞೆಗೆ ಅದೂ ಇಲ್ಲ. ಭಾರತ ಆ ಶಾಸನಕ್ಕೆ ಸೇರಿಲ್ಲ. ಆದರೆ ಜಿನೀವಾ ಒಪ್ಪಂದಗಳಿಗೆ ಸೇರಿದೆ, ಅದಕ್ಕಾಗಿ 1960ರ ಕಾಯ್ದೆಯೂ ಇದೆ. ರಕ್ಷಣೆಗೆ ಅರ್ಹನಾದವನನ್ನು ಬೇಕೆಂದೇ ಕೊಂದರೆ ಅದರಲ್ಲಿ ಮರಣದಂಡನೆ ಅಥವಾ ಜೀವಾವಧಿ. ಆದರೆ ಸರ್ಕಾರ ಅಥವಾ ಸರ್ಕಾರ ಸೂಚಿಸಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಬಹುದು, ನೀವೋ ನಾನೋ ಹೋಗಿ ದಾವೆ ಹೂಡಲು ಬರುವುದಿಲ್ಲ.

ಗೆದ್ದವರು ಸೋತವರಿಗೆ ಹೊಸ ನಿಯಮ ಮಾಡಿದರು ಎಂಬ ಟೀಕೆಯನ್ನು ದೊಡ್ಡಪ್ಪ ಎತ್ತಬಹುದು. ಅದರಲ್ಲಿ ಸ್ವಲ್ಪ ಹುರುಳಿದೆ. ಬ್ರಿಟಿಷರ ಸೇನಾ ಕೈಪಿಡಿ 1944ರ ತನಕ ಆಜ್ಞೆ ಪಾಲಿಸಿದವನನ್ನು ಬಿಡುತ್ತಿತ್ತು, ಅಮೆರಿಕದ್ದೂ ಹಾಗೆಯೇ, ಎರಡನ್ನೂ ವಿಚಾರಣೆಗೆ ಮುಂಚಿನ ವರ್ಷವೇ ತಿದ್ದಿದರು. ಆದರೆ ಜರ್ಮನಿಯದೇ 1872ರ ಸೇನಾ ದಂಡ ಸಂಹಿತೆಯ 47ನೇ ಕಲಂ, ಆಜ್ಞೆಯ ಉದ್ದೇಶ ಅಪರಾಧ ಎಂದು ಗೊತ್ತಿದ್ದು ಪಾಲಿಸಿದವನಿಗೂ ಶಿಕ್ಷೆ ಎನ್ನುತ್ತಿತ್ತು. 1921ರಲ್ಲಿ ಲೈಪ್‌ಜಿಗ್‌ನ ಜರ್ಮನ್ ನ್ಯಾಯಾಲಯವೇ, ಮುಳುಗಿದ ಆಸ್ಪತ್ರೆ ಹಡಗಿನ ಲೈಫ್‌ಬೋಟುಗಳ ಮೇಲೆ ಗುಂಡು ಹಾರಿಸಿದ ಇಬ್ಬರು ನೌಕಾ ಲೆಫ್ಟಿನೆಂಟರಿಗೆ ಈ ವಾದವನ್ನು ತಳ್ಳಿಹಾಕಿ ನಾಲ್ಕು ವರ್ಷ ಕೊಟ್ಟಿತ್ತು. ಹಿಟ್ಲರನ ಸೇನಾಪತಿಗಳಾದ ಕೈಟೆಲ್, ಯೋಡ್ಲ್ ನ್ಯೂರೆಂಬರ್ಗಿನ ತೀರ್ಪಿನಂತೆ 1946ರಲ್ಲಿ ನೇಣಿಗೇರಿದಾಗ ಈ ತತ್ವ ಅವರ ದೇಶಕ್ಕೆ ಹೊಸದಾಗಿರಲಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಜೀವಬೆದರಿಕೆಯದು. ‘ಹೊಡೆ, ಇಲ್ಲವೇ ಅವರ ಜೊತೆ ಸಾಲಿನಲ್ಲಿ ನಿಲ್ಲು’ ಎಂದರೆ? ಬೋಸ್ನಿಯಾದ ಸರ್ಬ್ ಸೇನೆಯ ಸೈನಿಕ ದ್ರಾಜೆನ್ ಎರ್ದೆಮೊವಿಚ್‌ಗೆ ಹಾಗೇ ಹೇಳಿದರಂತೆ. 1995ರ ಜುಲೈನಲ್ಲಿ, ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣ ಆ ಸೇನೆಯ ವಶವಾದ ಮೇಲೆ, ಒಂದು ಜಮೀನಿನಲ್ಲಿ ಬಸ್ಸುಗಳಲ್ಲಿ ತಂದ ಗಂಡಸರನ್ನು ಸಾಲು ಸಾಲಾಗಿ ನಿಲ್ಲಿಸಿ ಕೊಂದವರಲ್ಲಿ ಅವನೊಬ್ಬ. ತಾನೇ ಮುಂದೆ ಬಂದು ಹೇಳಿಕೊಂಡ. ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿಯ ಮೇಲ್ಮನವಿ ಪೀಠ 1997ರಲ್ಲಿ ಇಬ್ಬರ ವಿರುದ್ಧ ಮೂವರ ಬಹುಮತದಿಂದ, ನಿರಪರಾಧಿಗಳನ್ನು ಕೊಂದದ್ದಕ್ಕೆ ಜೀವಬೆದರಿಕೆ ಪೂರ್ಣ ರಕ್ಷಣೆಯಾಗದು, ಶಿಕ್ಷೆ ಇಳಿಸಲು ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದಿತು. ಮೊದಲು ಕೊಟ್ಟ 10 ವರ್ಷ ಕೊನೆಗೆ 5ಕ್ಕೆ ಇಳಿಯಿತು. ನ್ಯಾಯಾಧೀಶ ಕಸ್ಸೇಸೆ ಭಿನ್ನಮತ ಬರೆದರು. ಅವನು ಸತ್ತಿದ್ದರೂ ಆ ಗಂಡಸರು ಉಳಿಯುತ್ತಿರಲಿಲ್ಲ ಎಂಬಂಥ ಸಂದರ್ಭದಲ್ಲಿ ಕಾನೂನು ಮನುಷ್ಯನಿಂದ ಹುತಾತ್ಮನಾಗು ಎಂದು ಕೇಳಬಾರದು ಎಂಬ ಕಡೆಗೆ ನನ್ನ ಮನಸ್ಸೂ ವಾಲುತ್ತದೆ. ನಮ್ಮ ಕಾನೂನು ಮಾತ್ರ ಬಹುಮತದ ಕಡೆಗಿದೆ: ನ್ಯಾಯ ಸಂಹಿತೆಯ ಸೆಕ್ಷನ್ 32ರಲ್ಲಿ ತಕ್ಷಣದ ಸಾವಿನ ಬೆದರಿಕೆಗೆ ರಕ್ಷಣೆ ಉಂಟು, ಕೊಲೆಗೆ ಇಲ್ಲ. ‘ಕೋರ್ಟ್ ಮಾರ್ಷಲ್ ಮಾಡಿಸ್ತೀನಿ’, ‘ರಜೆ ಕಟ್ ಮಾಡ್ತೀನಿ’ ಎಂಬುದು ಆ ಬೆದರಿಕೆಯ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಹುಡುಗ ಆ ಗಳಿಗೆಯಲ್ಲಿ ಏನು ಮಾಡಬೇಕು? ಮೊದಲು, ಆಜ್ಞೆಯನ್ನು ಗಟ್ಟಿಯಾಗಿ ಮರಳಿ ಹೇಳಬೇಕು. ಕೇಳಿದ್ದನ್ನು ಹಾಗೇ ಹಿಂದಿರುಗಿ ಹೇಳುವುದು ಸೇನೆಯಲ್ಲಿ ಮಾಮೂಲು, ಅದರಲ್ಲಿ ಉದ್ಧಟತನವಿಲ್ಲ. ‘ಸಾಬ್, ಈ ಇಬ್ಬರನ್ನು ಹೊಡೆಯಲು ಹೇಳಿದಿರಾ? ಕೈ ಎತ್ತಿದ್ದಾರೆ, ಹಥಿಯಾರ್ ಇಲ್ಲ’ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರೆ ಕೋಪದಲ್ಲಿ ಬಂದ ಎಷ್ಟೋ ಮಾತುಗಳು ಅಲ್ಲೇ ವಾಪಸಾಗುತ್ತವೆ. ವಾಪಸಾಗದಿದ್ದರೆ ಸಾಕ್ಷಿಗಳಾದರೂ ಹುಟ್ಟುತ್ತಾರೆ. ಜೊತೆಗೇ ಕಾನೂನುಬದ್ಧವಾದ ಇನ್ನೊಂದು ದಾರಿ ಮುಂದಿಡಬೇಕು: ಕಟ್ಟಿ ಕೂರಿಸೋಣ, ಪೊಲೀಸರಿಗೆ ಒಪ್ಪಿಸೋಣ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಜಾರಿಯಿರುವಲ್ಲೂ ಹಿಡಿದವರನ್ನು ಆದಷ್ಟು ಬೇಗ ಹತ್ತಿರದ ಠಾಣೆಗೆ ಒಪ್ಪಿಸಬೇಕೆಂದು ಅದರ ಸೆಕ್ಷನ್ 5 ಹೇಳುತ್ತದೆ. ಮೇಲಧಿಕಾರಿಗೂ ಮರ್ಯಾದೆಯಿಂದ ಹಿಂದೆ ಸರಿಯಲು ಅದೊಂದು ಬಾಗಿಲು.

ಆಮೇಲೂ ಒತ್ತಾಯ ಬಂದರೆ ಆ ಒಂದು ಕೆಲಸವನ್ನು ಮಾತ್ರ ನಿರಾಕರಿಸಬೇಕು. ಎಡವುವುದು ಇಲ್ಲೇ. ಸಿಟ್ಟಿನಲ್ಲಿ ಕೋವಿ ಬಿಸಾಡಿದರೆ, ಪೋಸ್ಟ್ ಬಿಟ್ಟು ನಡೆದರೆ, ಸಾಬಿಗೆ ಬೈದರೆ, ಕೈ ಎತ್ತಿದರೆ, ಒಂದೊಂದಕ್ಕೂ ಬೇರೆ ಬೇರೆ ಸೆಕ್ಷನ್ ಇದೆ. ಆಜ್ಞೆ ಅಕ್ರಮವಾಗಿತ್ತು ಎಂಬುದು ಅವುಗಳಿಗೆ ಉತ್ತರವಾಗುವುದಿಲ್ಲ. ಇನ್ನೂ ಮುಖ್ಯವಾದದ್ದು: ‘ನೀವೂ ಹೊಡೆಯಬೇಡಿ, ನಾವೆಲ್ಲ ಒಟ್ಟಾಗಿ ನಿಲ್ಲೋಣ’ ಎಂದು ಇತರರನ್ನು ಸೇರಿಸಲು ಹೋಗಬಾರದು. ಒಗ್ಗಟ್ಟಾಗಿ ನಿರಾಕರಿಸಿದರೆ ಅದಕ್ಕೆ ಸೆಕ್ಷನ್ 37ರ ದಂಗೆಯ ಬಣ್ಣ ಬಳಿಯುವುದು ಸುಲಭ, ಅದಕ್ಕೆ ಮರಣದಂಡನೆಯವರೆಗೂ ಇದೆ. ‘ನಾನು ಇದನ್ನು ಮಾಡಲಾರೆ ಸಾಬ್, ಬೇರೆ ಏನು ಹೇಳಿದರೂ ಮಾಡ್ತೇನೆ’ ಎಂದು ತನ್ನ ಮಟ್ಟಿಗೆ ಹೇಳಿ ಜಾಗದಲ್ಲೇ ನಿಲ್ಲಬೇಕು.

ಮೈ ಲಾಯ್‌ನಲ್ಲಿ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಇದಕ್ಕಿಂತ ಬಹಳ ಮುಂದೆ ಹೋದ. ಹಳ್ಳಿಗರಿಗೂ ತನ್ನದೇ ಸೇನೆಗೂ ನಡುವೆ ಹೆಲಿಕಾಪ್ಟರ್ ಇಳಿಸಿ, ಇವರು ಜನರ ಮೇಲೆ ಗುಂಡು ಹಾರಿಸಿದರೆ ನೀವು ಇವರ ಮೇಲೆ ಹಾರಿಸಿ ಎಂದು ತನ್ನ ಜೊತೆಗಾರರಿಗೆ ಹೇಳಿದ. ಪದಕ ಬಂದದ್ದು 30 ವರ್ಷದ ನಂತರ, 1998ರಲ್ಲಿ. ಅಷ್ಟನ್ನು ಯಾವ ಕಾನೂನೂ ಇಪ್ಪತ್ತರ ಹುಡುಗನಿಂದ ಕೇಳುವುದಿಲ್ಲ. ಮಾಡಬೇಡ ಎಂಬಷ್ಟೇ ಅದರ ಬೇಡಿಕೆ.

ಸಿಕ್ಕ ಮೊದಲ ಅವಕಾಶದಲ್ಲಿ ಬರೆದಿಡಬೇಕು: ತಾರೀಕು, ಗಂಟೆ, ಜಾಗ, ಯಾರು ಹೇಳಿದ್ದು, ಹೇಳಿದ ಮಾತು ಹಿಂದಿಯಲ್ಲಿದ್ದರೆ ಹಿಂದಿಯಲ್ಲೇ, ಪಕ್ಕದಲ್ಲಿ ಯಾರಿದ್ದರು, ವೈರ್‌ಲೆಸ್‌ನಲ್ಲಿ ಬಂದಿದ್ದರೆ ಯಾವ ಸೆಟ್. ವೈರ್‌ಲೆಸ್ಸಿನ ಲಾಗ್ ಆಮೇಲೆ ಬಲವಾದ ಸಾಕ್ಷಿ. ವಾಟ್ಸಾಪ್‌ನಲ್ಲಿ ಅಕ್ಕನಿಗೆ ಕಳಿಸುವ ಕೆಲಸ ಬೇಡ, ಗೌಪ್ಯತೆಯ ಇನ್ನೊಂದು ಕೇಸ್ ತಲೆಗೆ ಬರುತ್ತದೆ. ತನಗಾದ ಅನ್ಯಾಯದ ದೂರಿಗೆ ಸೇನಾ ಕಾಯ್ದೆಯ ಸೆಕ್ಷನ್ 26 ಇದೆ: ತನ್ನ ಕಮಾಂಡಿನ ಅಧಿಕಾರಿಗೆ, ದೂರು ಅವರ ಮೇಲೆಯೇ ಆದರೆ ಅವರ ಮೇಲಿನವರಿಗೆ.

ವಿಷಯ ತನಿಖೆಗೆ ಬಂದರೆ ಮೊದಲು ನಡೆಯುವುದು ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಸೇನೆಯೊಳಗಿನ ಪ್ರಾಥಮಿಕ ತನಿಖೆ. ಯಾರ ನಡತೆ, ಸೈನಿಕ ಗೌರವ ಪಣಕ್ಕಿದೆಯೋ ಅವರು ಉದ್ದಕ್ಕೂ ಹಾಜರಿದ್ದು ಸಾಕ್ಷಿಗಳನ್ನು ಪ್ರಶ್ನಿಸಲು ಸೇನಾ ನಿಯಮ 180 ಅವಕಾಶ ಕೊಡುತ್ತದೆ. ಕೇಳಿ ಪಡೆಯಬೇಕು. ಅಲ್ಲಿ ಕೊಟ್ಟ ಹೇಳಿಕೆಯನ್ನು, ಸುಳ್ಳು ಸಾಕ್ಷ್ಯದ ಆರೋಪದ ಹೊರತು, ಅವನ ವಿರುದ್ಧ ಪುರಾವೆಯಾಗಿ ಬಳಸಲು ನಿಯಮ 182 ಬಿಡುವುದಿಲ್ಲ. ಆಮೇಲೆ ಬರುವ ಸಮ್ಮರಿ ಆಫ್ ಎವಿಡೆನ್ಸ್, ಅಂದರೆ ವಿಚಾರಣೆಗೆ ಮುನ್ನ ಸಾಕ್ಷ್ಯ ಬರೆದುಕೊಳ್ಳುವ ಹಂತ, ಹಾಗಲ್ಲ. ಅಲ್ಲಿ ಮಾತಾಡಲೇಬೇಕೆಂದಿಲ್ಲ ಎಂದು ಮೊದಲೇ ಎಚ್ಚರಿಸುತ್ತಾರೆ, ಆ ಎಚ್ಚರಿಕೆಯನ್ನು ಶಾಸ್ತ್ರಕ್ಕೆಂದು ತಿಳಿಯಬಾರದು. ಪಲ್ಟನ್ನಿನ ಮಾನ ಉಳಿಸಲು ಸಾಬಿನ ಹೆಸರು ಬಿಟ್ಟು ‘ನಾನು ಹೊಡೆದೆ’ ಎಂದಷ್ಟೇ ಬರೆಸಿ, ವಿಚಾರಣೆಯಲ್ಲಿ ಮೊದಲ ಸಲ ಆಜ್ಞೆಯ ವಿಷಯ ತೆಗೆದರೆ, ಆಮೇಲೆ ಹೊಳೆದ ಕಥೆ ಎಂದು ಪ್ರಾಸಿಕ್ಯೂಟರ್ ಒಂದೇ ಪ್ರಶ್ನೆಯಲ್ಲಿ ಮುಗಿಸುತ್ತಾನೆ. ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐವರು ಅಧಿಕಾರಿಗಳು ಕೂರುತ್ತಾರೆ, ಅವರಿಗೆ ಕಾನೂನು ಸಲಹೆ ಕೊಡುವ ಜಡ್ಜ್ ಅಡ್ವೊಕೇಟ್ ಇರಲೇಬೇಕು, ಹೊರಗಿನ ವಕೀಲರನ್ನೂ ಇಡಬಹುದು. ತೀರ್ಪು ದೃಢೀಕರಣವಾಗುವ ತನಕ ಜಾರಿಯಾಗದು, ಅಷ್ಟರೊಳಗೂ ಆಮೇಲೂ ಸೆಕ್ಷನ್ 164ರಡಿ ಅರ್ಜಿ, ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಗ್ನಿವೀರನಿಗೂ ಇದೇ ಕಾಯ್ದೆ, ನಾಲ್ಕು ವರ್ಷದ ಸೇವೆ ಎಂದು ರಿಯಾಯಿತಿ ಇಲ್ಲ. ಕಾಶ್ಮೀರದ ಮಾಚಿಲ್‌ನಲ್ಲಿ 2010ರಲ್ಲಿ ಮೂವರು ನಾಗರಿಕರನ್ನು ಕೊಂದ ಪ್ರಕರಣದಲ್ಲಿ ಕೋರ್ಟ್ ಮಾರ್ಷಲ್ ಐವರಿಗೆ ಜೀವಾವಧಿ ಕೊಟ್ಟಿತ್ತು, 2017ರಲ್ಲಿ ನ್ಯಾಯಮಂಡಳಿ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಈ ದಾರಿ ಎಷ್ಟು ಉದ್ದ ಎಂಬುದಕ್ಕೆ ಹೇಳಿದೆ.

ನೀತಿಯ ಪ್ರಶ್ನೆಗೆ ಬಂದರೆ, ದೊಡ್ಡಪ್ಪನ ಮಾತಿನ ಹಿಂದಿರುವ ಅಸಮಾಧಾನ ನನಗೆ ಅರ್ಥವಾಗುತ್ತದೆ. ಮೈ ಲಾಯ್, ಕಫ್ರ್ ಕಾಸಿಂ ಎರಡರಲ್ಲೂ ಮೇಲಿದ್ದವರು ಖುಲಾಸೆಯಾಗಿಯೋ ಪುಡಿಕಾಸು ಕಟ್ಟಿಯೋ ಹೋದರು, ಕೆಳಗಿದ್ದವನ ಹೆಸರು ಇತಿಹಾಸದಲ್ಲಿ ಉಳಿಯಿತು. ಆಜ್ಞೆ ಕೊಟ್ಟವನ ಹೊಣೆ ಹೆಚ್ಚಿನದು, ಅದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಕಾನೂನಿನಲ್ಲಿ ಅವನು ದುಷ್ಪ್ರೇರಣೆಯ ಅಪರಾಧಿ. ತಡೆಯಬಹುದಾಗಿದ್ದೂ ತಡೆಯದ ಕಮಾಂಡರನನ್ನು ಹಿಡಿಯಲು ಎರಡನೇ ಮಹಾಯುದ್ಧದ ಜಪಾನಿ ಜನರಲ್ ಯಮಶಿತ ಪ್ರಕರಣದಿಂದ ಬಂದ ಕಮಾಂಡ್ ಹೊಣೆಯ ತತ್ವವನ್ನು ಮಾತ್ರ ನಾವು ಪ್ರತ್ಯೇಕ ಸೆಕ್ಷನ್ ಆಗಿ ಬರೆದುಕೊಂಡಿಲ್ಲ, ಬರೆಯಬೇಕು ಎಂಬುದು ನನ್ನ ನಿಲುವು. ಆದರೆ ಮೇಲಿನವನು ತಪ್ಪಿಸಿಕೊಂಡ ಎಂಬುದರಿಂದ ಕೆಳಗಿನವನ ಪಾಲು ಕಡಿಮೆಯಾಗುವುದಿಲ್ಲ. ಹೊಣೆ ಎಂಬುದು ಒಕ್ಕದ, ಅಂದರೆ ಕುಟುಂಬದ, ಆಸ್ತಿಯಲ್ಲ, ಒಬ್ಬರು ಹೆಚ್ಚು ತೆಗೆದುಕೊಂಡರೆ ಇನ್ನೊಬ್ಬರಿಗೆ ಕಡಿಮೆ ಉಳಿಯಲು.

ಮಡಿಕೇರಿಯ ಸನ್ನಿಸೈಡ್‌ಗೆ, ಅಂದರೆ ಜನರಲ್ ತಿಮ್ಮಯ್ಯನವರ ಮನೆಯಲ್ಲಿ ಮಾಡಿರುವ ಮ್ಯೂಸಿಯಂಗೆ, ತಮ್ಮ ಹೋಗಿಯೇ ಇರುತ್ತಾನೆ. ಹೊರಡುವ ಮೊದಲು ಮತ್ತೊಮ್ಮೆ ಹೋದರೆ ಕೊರಿಯಾ ಯುದ್ಧದ ಕೊನೆಯಲ್ಲಿ ಅವರು ಅಲ್ಲಿ ಮಾಡಿದ ಕೆಲಸದ ಬಗ್ಗೆ ವಿಚಾರಿಸಲಿ. 1953ರಲ್ಲಿ ತಮ್ಮ ದೇಶಕ್ಕೆ ವಾಪಸ್ ಹೋಗಲೊಲ್ಲದ ಸುಮಾರು 23,000 ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ಆಯೋಗಕ್ಕೆ ಅವರು ಅಧ್ಯಕ್ಷರು, ಕಾವಲು ನಮ್ಮ ಸೈನಿಕರದು. ಕೈದಿಗಳ ಮೇಲೆ ಬಲ ಪ್ರಯೋಗಿಸಬಾರದು ಎಂಬುದು ಕರಾರು. ಕೈದಿಗಳು ಗಲಾಟೆ ಎಬ್ಬಿಸಿದರು, ಒಂದು ಕಡೆಯವರು ಬಲವಂತವಾಗಿಯಾದರೂ ಅವರನ್ನು ಮಾತುಕತೆಗೆ ಕರೆತನ್ನಿ ಎಂದು ಪಟ್ಟು ಹಿಡಿದರು, ತಿಮ್ಮಯ್ಯ ಒಪ್ಪಲಿಲ್ಲ. ದೊಡ್ಡಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಸೆಕ್ಷನ್ 41, 37 ಮತ್ತು 26ನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಇಬ್ಬರಿಗೂ ಓದಲು ಕೊಡಿ. ತರಬೇತಿಯಲ್ಲಿ ಯುದ್ಧ ನಿಯಮಗಳ ಪಾಠ ಬಂದಾಗ ನಿದ್ದೆ ಮಾಡದೆ, ಸಂಶಯ ಇದ್ದದ್ದನ್ನು ಉಸ್ತಾದರ ಹತ್ತಿರ ಆಗಲೇ ಕೇಳಿಕೊಳ್ಳಲಿ.